ಸತ್ತ ತಂತಿ

ತಂತಿ ಯಾವತ್ತು ಸತ್ತಿತೋ ಯುಬ್ಲಿನಾಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಇಂಧನದ ಲಾರಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಸುರುಳಿಯಿಂದ ತಂತಿಯನ್ನು ಎಳೆದೆಳೆದು ಹಳೇ ಬಟ್ಟೆಯಿಂದ ಧೂಳು ಒರೆಸುತ್ತಿದ್ದಾಗ, ತುದಿಯ ಕ್ಲಿಪ್ಪಿನಿಂದ ಒಂದು ಗೇಣು ಹಿಂದೆ ಹಳದಿ ಹೊದಿಕೆ ಬೆರಳಿಗೆ ಮೆತ್ತಗೆ ಸಿಕ್ಕಿತು. ಬಾಗಿಸಿದಳು, ಮುರಿದ ಕೋಳಿಕತ್ತಿನ ಹಾಗೆ ಬೇಕಾದ ಕಡೆಗೆಲ್ಲ ಬಾಗಿತು. ಬ್ಲೇಡಿನಿಂದ ಸೀಳಿ ನೋಡಿದರೆ ಒಳಗಿನ ತಾಮ್ರದ ಎಳೆಗಳು ಒಂದೂ ಬಿಡದೆ ತುಂಡಾಗಿದ್ದವು. ತುದಿಗಳು ಹಸಿರು ಪುಡಿಯಾಗಿ ಉದುರಿದವು. ಮೇಲೆ ಒಂದು ಗೀರೂ ಇರಲಿಲ್ಲ. ಇದು ನಿನ್ನೆ ಮೊನ್ನೆಯ ಮಾತಲ್ಲ. ತಿಂಗಳುಗಟ್ಟಲೆ ಅವಳು ಪ್ರತಿ ವಿಮಾನದ ಕಾಲಿಗೂ ಆ ಕ್ಲಿಪ್ಪನ್ನು ಕಚ್ಚಿಸಿ, ಕಚ್ಚಿದೆಯೇ ಎಂದು ಎರಡು ಸಲ ಅಲ್ಲಾಡಿಸಿ ನೋಡಿ, ಆಮೇಲೆ ಕೊಳವೆ ಎತ್ತಿಕೊಂಡಿದ್ದಳು. ಅಷ್ಟು ದಿನವೂ ಒಂದು ಹೆಣದ ಕೈಯನ್ನು ಹಿಡಿದು ಕುಲುಕಿದ ಹಾಗಾಯಿತು. ಕೊಳವೆಯಲ್ಲಿ, ಶೋಧಕದಲ್ಲಿ ಇಂಧನ ಉಜ್ಜಿಕೊಂಡು ಓಡುವಾಗ ವಿದ್ಯುತ್ತು ಹುಟ್ಟುತ್ತದೆ. ಲಾರಿಯಲ್ಲಿ ಒಂದಷ್ಟು, ವಿಮಾನದಲ್ಲಿ ಒಂದಷ್ಟು ಎಂದು ಏರುಪೇರಾಗಿ, ತೆರೆದ ಟ್ಯಾಂಕಿನ ಬಾಯಲ್ಲಿ ಕಿಡಿಯಾಗಿ ನೆಗೆಯುತ್ತದೆ. ಎರಡನ್ನೂ ಜೋಡಿಸಿ ಸಮ ಮಾಡುವುದು ಈ ತಂತಿ. ಸುರಬಾಯಾದ ತರಬೇತಿಯಲ್ಲಿ ಹೇಳಿಕೊಟ್ಟದ್ದು ಇಷ್ಟೇ. ಇಷ್ಟನ್ನೇ ಅವಳು ನಂಬಿದ್ದಳು. ನಂಬಿದ್ದು ಸುಳ್ಳಾಗಿರಲಿಲ್ಲ, ಆದರೆ ತಂತಿಯಿಲ್ಲದೆಯೂ ಎಲ್ಲ ನಡೆದಿತ್ತು. ಯಾವ ವಿಮಾನವೂ ಉರಿದಿರಲಿಲ್ಲ. ಹಾಗಾದರೆ ಇಷ್ಟು ವರ್ಷ ತಾನು ಮಾಡಿದ್ದಾದರೂ ಏನು ಎಂಬುದು ಅವಳಿಗೆ ತಂತಿ ತುಂಡಾದದ್ದಕ್ಕಿಂತ ದೊಡ್ಡ ದಿಗಿಲಾಯಿತು.

ವಿಮಾನ ನಿಲ್ದಾಣದ ಇಂಧನ ವಿಭಾಗದ ಮೇಲ್ವಿಚಾರಕ ಉಂಬು ರಿಹಿ ಆ ಹೊತ್ತಿಗೆ ಕಚೇರಿಯ ಮೆಟ್ಟಿಲ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ. ಈ ಸುಂಬಾ ದ್ವೀಪದ ದೊಡ್ಡ ಮನೆತನದವನು. ಸಮವಸ್ತ್ರದ ಮೇಲೂ ಸೊಂಟಕ್ಕೆ ಕೈಮಗ್ಗದ ವಸ್ತ್ರ ಸುತ್ತಿಕೊಳ್ಳುತ್ತಿದ್ದ. ಅಲ್ಲಿ ಗಂಡಸನ್ನು ಉಂಬು, ಹೆಂಗಸನ್ನು ರಂಬು ಎಂದು ಗೌರವದಿಂದ ಕರೆಯುವ ರೂಢಿ. ಅವಳು ಎಳೆದು ತಂದು ತೋರಿಸಿದ ತಂತಿಯ ತುದಿಯನ್ನು ಸತ್ತ ಹಲ್ಲಿಯನ್ನು ನೋಡುವ ಹಾಗೆ ನೋಡಿದ.

"ರಂಬು, ನಿಮಗೆ ಬೇರೆ ಕೆಲಸ ಇಲ್ವಾ? ಚೆನ್ನಾಗಿದ್ದಿದ್ದನ್ನ ಯಾಕೆ ಕೊಯ್ದ್ರಿ?"

"ಚೆನ್ನಾಗಿರ್ಲಿಲ್ಲ ಉಂಬು. ಒಳಗೆ ತುಂಡಾಗಿತ್ತು."

"ನೀವು ಕೊಯ್ಯೋ ತನಕ ಚೆನ್ನಾಗೇ ಇತ್ತಲ್ಲ," ಎಂದು ನಕ್ಕ. ತಂತಿ ಬದುಕಿದೆಯೋ ಇಲ್ಲವೋ ನೋಡುವ ಮೀಟರು ಮಳೆಗಾಲದಲ್ಲೇ ಕೆಟ್ಟು ರಿಪೇರಿಗೆ ಹೋಗಿ ಬಂದಿರಲಿಲ್ಲ. ಅದನ್ನು ಅವಳು ಹೇಳಲಿಲ್ಲ, ಅವನೂ ಹೇಳಲಿಲ್ಲ. ಹೊಸ ತಂತಿ ನಾಳೆಯ ವಿಮಾನಕ್ಕೆ ಕುಪಂಗಿನಿಂದ ಬರುತ್ತದೆ, ಇವತ್ತು ಇಂಧನ ಕೇಳುವ ವಿಮಾನ ಯಾವುದೂ ಇಲ್ಲ, ಲಾರಿಯನ್ನು ನೆರಳಿಗೆ ಹಾಕಿ ಸುಮ್ಮನಿರಿ ಎಂದ. ತಾನೇ ಕೆಟ್ಟ ಭಾಗ ಕೊಯ್ದು ಕ್ಲಿಪ್ಪನ್ನು ಮತ್ತೆ ಕೂರಿಸಲೇ ಎಂದು ಕೇಳಬೇಕೆಂದುಕೊಂಡಳು. ತೇಪೆ ಹಾಕಿದ ತಂತಿಯನ್ನು ನಿಯಮ ಒಪ್ಪುವುದಿಲ್ಲ ಎಂಬುದು ನೆನಪಾಯಿತು. ಕೇಳಿದರೆ ಅವನು ಇನ್ನೊಂದು ಸಲ ನಗುತ್ತಾನೆ ಎಂಬುದೂ ನೆನಪಾಯಿತು. ಎರಡರಲ್ಲಿ ಯಾವುದಕ್ಕೆ ಬಾಯಿ ಮುಚ್ಚಿಕೊಂಡಳೋ ಅವಳಿಗೇ ತಿಳಿಯದು. ಲಾರಿಯನ್ನು ನೆರಳಿಗೆ ತಂದು ನಿಲ್ಲಿಸಿ ಸೀಟಿನಿಂದ ಜಾರಿ ಇಳಿಯುವಾಗ ಬಾಗಿಲಿನ ಹಿಡಿ ಬೆರಳಿಗೆ ಚಟ್ ಎಂದು ಕುಟುಕಿತು. ಆಗಸ್ಟಿನಲ್ಲಿ ಇದು ದಿನದ ಪಾಡು. ಕಡಲಾಚೆಯ ಮರುಭೂಮಿಯಿಂದ ಬೀಸುವ ಗಾಳಿ ಗುಡ್ಡದ ಹುಲ್ಲಿನ ಕೊನೆಯ ಹಸಿರನ್ನೂ ಹೀರಿ, ಜನರ ತುಟಿ ಒಡೆದು, ತಲೆಗೂದಲು ಬಾಚಣಿಗೆಯ ಹಿಂದೆಯೇ ಏಳುವ ಹಾಗೆ ಮಾಡುತ್ತಿತ್ತು. ಮಳೆಗಾಲದ ತೇವವೇ ಇಷ್ಟು ದಿನ ತಂತಿಯ ಕೆಲಸವನ್ನು ಮಾಡಿಕೊಟ್ಟಿರಬೇಕು ಎಂದು ಹೊಳೆಯಿತು. ತಾನಲ್ಲ, ತಂತಿಯಲ್ಲ, ಬರೀ ತೇವ. ಸಮಾಧಾನವೂ ಆಯಿತು, ಅವಮಾನವೂ ಆಯಿತು.

ಅವಳ ಅವ್ವ ನೂಲನ್ನು ನೀಲಿ ಬಣ್ಣಕ್ಕೆ ಅದ್ದುತ್ತಿದ್ದಳು. ಊರಾಚೆಯ ಗುಡಿಸಲಲ್ಲಿ ಸಾಲಾಗಿ ಮಡಕೆಗಳು, ಕೊಳೆತ ಸೊಪ್ಪಿನ ನಾತ, ಮೊಣಕೈಯವರೆಗೂ ನೀಲಿಯಾದ ಅವ್ವನ ಕೈ. ಗಂಡಸಿನ ಕಣ್ಣು ಮಡಕೆಯೊಳಗೆ ಬೀಳಬಾರದು. ಬಿದ್ದರೆ ಬಣ್ಣ ಸಾಯುತ್ತದೆ. ಒಂದು ಸಲ ಅಣ್ಣ ಮೇಕೆಯನ್ನು ಅಟ್ಟಿಸಿಕೊಂಡು ಬಂದವನು ಗುಡಿಸಲಿಗೇ ನುಗ್ಗಿ, ಬಗ್ಗಿ ನೋಡಿ, ಥೂ ನಾತ ಎಂದು ಮೂಗು ಮುಚ್ಚಿಕೊಂಡು ಓಡಿದ. ಅವ್ವ ನೂಲಿನ ಒಂದು ಎಳೆಯನ್ನು ಅದ್ದಿ ನೋಡಿದಳು. ಬಣ್ಣ ಚೆನ್ನಾಗಿಯೇ ಹಿಡಿಯಿತು. ಆದರೂ ಅಷ್ಟೂ ಮಡಕೆಯನ್ನು ಹೊತ್ತುಕೊಂಡು ಹೋಗಿ ಹಳ್ಳಕ್ಕೆ ಸುರಿದು ಬಂದಳು. ಹಿಡೀತಲ್ಲವ್ವಾ, ಯಾಕೆ ಚೆಲ್ಲಿದೆ ಎಂದು ಶಾಲೆಗೆ ಹೋಗುತ್ತಿದ್ದ ಯುಬ್ಲಿನಾ ಕಿರುಚಿದ್ದಳು. ಅವ್ವ ಖಾಲಿ ಮಡಕೆಯನ್ನು ತೊಳೆಯುತ್ತ ಕೂತಳು. ಸುರಬಾಯಾದಲ್ಲಿ ಮೇಷ್ಟ್ರು ಕಣ್ಣಿಗೆ ಕಾಣದ ವಿದ್ಯುತ್ತಿನ ಪಾಠ ಮಾಡುವಾಗ, ಇಡೀ ಕೋಣೆಯಲ್ಲಿ ಒಬ್ಬಳೇ ಹೆಂಗಸಾಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವಳು, ಅವ್ವನದ್ದು ಮೂಢನಂಬಿಕೆ, ಇದು ವಿಜ್ಞಾನ ಎಂದು ಎರಡನ್ನೂ ಬೇರೆ ಬೇರೆ ಗೂಟಕ್ಕೆ ಕಟ್ಟಿದ್ದಳು. ಈಗ ಲಾರಿಯ ನೆರಳಿನಲ್ಲಿ ಕೂತಾಗ ಎರಡೂ ಹಗ್ಗ ಹರಿದುಕೊಂಡು ಬಂದು ಒಂದೇ ಕಡೆ ನಿಂತಿದ್ದವು. ಕಾಣದ್ದಕ್ಕೆ ಹೆದರಿ, ಕಾಣದ್ದನ್ನು ಕಾಯ್ದು, ಕೊನೆಗೆ ಏನೂ ಆಗದಿದ್ದರೆ ತಾನು ಕಾಯ್ದದ್ದರಿಂದಲೇ ಎಂದುಕೊಳ್ಳುವುದು. ಅವ್ವನಿಗೂ ತನಗೂ ಏನು ವ್ಯತ್ಯಾಸ?

ಮಧ್ಯಾಹ್ನ ಫ್ಲೋರೆಸ್ ಕಡೆಯಿಂದ ಒಂದು ಸಣ್ಣ ವಿಮಾನ ಇಳಿಯಿತು. ಅದು ಬರುವ ವಿಷಯ ಅರ್ಧ ಗಂಟೆಯ ಹಿಂದಷ್ಟೇ ತಿಳಿದಿತ್ತು. ಇಲ್ಲಿಂದ ಒಬ್ಬ ರೋಗಿಯನ್ನು ಕುಪಂಗಿಗೆ ಒಯ್ಯಬೇಕು, ಆದರೆ ವಿಮಾನದಲ್ಲಿ ಅಷ್ಟು ಇಂಧನವಿಲ್ಲ, ಇಲ್ಲೇ ತುಂಬಬೇಕು. ಪೈಲಟ್ ಕ್ಯಾಪ್ಟನ್ ರೊಲಿ ಮನಾಡೋದವನು, ದಪ್ಪ ಮೈ, ಬೆವರಿದ ಅಂಗಿ. ಇಳಿದವನೇ ರೆಕ್ಕೆಯ ಕೆಳಗೆ ನಿಂತು ನೀರು ಗಟಗಟನೆ ಕುಡಿದ. ಬೇಲಿಯ ಗೇಟು ತೆಗೆದು ಒಂದು ತೆರೆದ ಜೀಪು ಒಳಗೆ ಬಂತು. ಅದರ ಹಿಂಭಾಗದಲ್ಲಿ ಚಾಪೆಯ ಮೇಲೆ ಒಬ್ಬ ಹುಡುಗಿ ಮಲಗಿದ್ದಳು, ಇಪ್ಪತ್ತರ ಆಸುಪಾಸು, ಹೆಸರು ಯೆನಿ. ಕುದುರೆಗೆ ನೀರು ಕುಡಿಸಲು ಹೋದಾಗ ಅದು ಪಕ್ಕೆಗೆ ಒದ್ದಿತ್ತಂತೆ. ಒಳಗೆ ರಕ್ತ ಸುರಿಯುತ್ತಿದೆ ಎಂದು ಜೊತೆಗಿದ್ದ ನರ್ಸ್ ಹೇಳಿದಳು. ಹುಡುಗಿ ನರಳುತ್ತಿರಲಿಲ್ಲ. ಅದೇ ನೋಡುವವರಿಗೆ ಹೆಚ್ಚು ಭಯ ತರುತ್ತಿತ್ತು. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಾಲ ಬಳಿ ಅವಳ ತಾಯಿ ಕೂತಿದ್ದಳು. ತಲೆಯ ಹತ್ತಿರ ಅಜ್ಜಿ ಬಾಬಂಗ್ ಕೂತು ಗಾಳಿಗೆ ಅಡ್ಡವಾಗಿ ತನ್ನ ಸೆರಗು ಹಿಡಿದಿದ್ದಳು.

"ರಂಬು, ಲಾರಿ ತನ್ನಿ!" ಎಂದು ಉಂಬು ರಿಹಿ ಕೂಗಿದ.

ತಂದಳು. ಕ್ಲಿಪ್ಪನ್ನು ಕೈಯಲ್ಲಿ ಹಿಡಿದು ಕೆಳಗಿಳಿದಳು. ಕಾಲುಗಳು ತಾವಾಗಿಯೇ ವಿಮಾನದ ಕಡೆ ನಡೆದವು. ಬೆಳಿಗ್ಗೆ ಸೀಳಿದ ಜಾಗಕ್ಕೆ ಅವಳೇ ಪಟ್ಟಿ ಸುತ್ತಿದ್ದಳು. ನೋಡಿದವರಿಗೆ ಅದೊಂದು ಒಳ್ಳೆಯ ತಂತಿಯೇ. ಕಚ್ಚಿಸಿಬಿಟ್ಟರೆ ಆಯಿತು. ಪೈಲಟ್ಟಿಗೆ ತಂತಿ ಕಾಣುತ್ತದೆ, ಅಜ್ಜಿಗೆ ಕೊಳವೆ ಕಾಣುತ್ತದೆ, ಉಂಬುವಿಗೆ ಕೆಲಸ ಮುಗಿದದ್ದು ಕಾಣುತ್ತದೆ. ತಿಂಗಳುಗಟ್ಟಲೆ ಆಗದ್ದು ಇವತ್ತೇ ಯಾಕೆ ಆಗಬೇಕು? ಕ್ಲಿಪ್ಪಿನ ಹಲ್ಲುಗಳನ್ನು ತೆರೆದು ವಿಮಾನದ ಕಾಲಿನ ಹತ್ತಿರ ಬಗ್ಗಿದಳು. ಗಾಳಿ ಅವಳ ಅಂಗಿಯನ್ನು ಬೆನ್ನಿಗೆ ಅಂಟಿಸಿ, ಬಿಡಿಸಿ, ಮತ್ತೆ ಅಂಟಿಸಿತು, ಪಟಪಟ ಸದ್ದಾಯಿತು. ನಿನ್ನೆಯವರೆಗೆ ಅವಳು ತಿಳಿಯದೆ ಮಾಡಿದ್ದಳು. ಈಗ ತಿಳಿದು ಮಾಡುವುದು ಎಂದರೆ ಇವರೆಲ್ಲರ ಎದುರು ನಾಟಕವಾಡುವುದು, ಚಾಪೆಯ ಮೇಲಿರುವ ಆ ಹುಡುಗಿಯ ಎದುರೂ. ಹುಡುಗಿಯ ಕಾಲಿನ ಬೆರಳುಗಳು ಚಾಪೆಯಾಚೆ ಚಾಚಿದ್ದವು. ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದಳು.

"ಆಗಲ್ಲ," ಎಂದಳು ಯುಬ್ಲಿನಾ. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು, "ಆಗಲ್ಲ ಉಂಬು. ತಂತಿ ಕಟ್ಟಬೇಕು ಮೊದಲು."

ಉಂಬು ರಿಹಿಯ ಮುಖ ಕೆಂಪೇರಿತು. "ಏನ್ ರಂಬು, ತಮಾಷೆನಾ? ಆ ಮಗು ಸಾಯ್ತಾ ಇದೆ!"

"ನೋಡ್ತಾ ಇದೀನಿ."

"ನೋಡ್ತಾ ಇದೀರಂತೆ! ತಂತಿ ಬೇಡ, ಲಾರಿನೂ ಬೇಡ. ಪ್ಲಾಸ್ಟಿಕ್ ಕ್ಯಾನಿಗೆ ಬಗ್ಗಿಸ್ಕೊಂಡು ಏಣಿ ಹತ್ತಿ ಸುರಿಯೋಣ. ರಸ್ತೆ ಬದಿ ಅಂಗಡೀಲಿ ಬಾಟ್ಲಿಯಿಂದ ಪೆಟ್ರೋಲ್ ಹುಯ್ಯಲ್ವಾ, ಹಂಗೆ."

"ಕ್ಯಾನಿಂದ ಸುರಿದ್ರೆ ಇನ್ನೂ ಕೆಟ್ಟದು ಉಂಬು. ಪ್ಲಾಸ್ಟಿಕ್ ಮೇಲೆ ಕೂತ ವಿದ್ಯುತ್ತಿಗೆ ಹೋಗೋಕೆ ದಾರೀನೇ ಇಲ್ಲ. ಆ ಹುಡುಗೀನ ಈ ವಿಮಾನದೊಳಗೇ ಮಲಗಿಸ್ಬೇಕು."

ಬ್ಯಾಟರಿಯಿಂದ ಬ್ಯಾಟರಿಗೆ ಹಚ್ಚುವ ದಪ್ಪ ತಂತಿ ಇದ್ದಿದ್ದರೆ ಅದನ್ನೇ ಕಟ್ಟಬಹುದಿತ್ತು. ಅದನ್ನು ಉಂಬುವಿನ ಭಾವಮೈದುನ ಮದುವೆಯ ಮೈಕಿಗೆ ಎಂದು ಒಯ್ದವನು ತಂದಿರಲಿಲ್ಲ. ಉಂಬು ಬೇರೆ ಕಡೆ ನೋಡಿದ. ಕ್ಯಾಪ್ಟನ್ ರೊಲಿ ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸುತ್ತ ಅವಳನ್ನೇ ನೋಡುತ್ತಿದ್ದ. ಅವನು ಒಂದು ಮಾತು ಹೇಳಲಿ ಎಂದು ಅವಳು ಕಾದಳು: ಬೇಡ ಎನ್ನಲಿ, ಇಲ್ಲವೇ ಸುರಿ ಎನ್ನಲಿ, ಹೊರೆ ಅವನ ಹೆಗಲಿಗೆ ಹೋಗಲಿ. ಅವನು, "ಎಷ್ಟು ಹೊತ್ತು ಬೇಕು?" ಎಂದಷ್ಟೇ ಕೇಳಿದ.

"ಗೊತ್ತಿಲ್ಲ ಕ್ಯಾಪ್ಟನ್. ಬೇಗ ಮಾಡ್ತೀನಿ."

ಅಜ್ಜಿ ಬಾಬಂಗ್ ಜೀಪಿನಿಂದ ಇಳಿದು ಬಂದಳು. ಕುಳ್ಳಗೆ, ಬರಿಗಾಲು, ಎಲೆ ಅಡಿಕೆಯಿಂದ ಕಪ್ಪಾದ ಹಲ್ಲು. ಯುಬ್ಲಿನಾಳ ಬೂಟಿನ ಪಕ್ಕ ಕೆಂಪಗೆ ಉಗಿದಳು. "ನಿನ್ನ ಹೊಟ್ಟೇಲಿ ಹುಟ್ಟಿದ್ದಿದ್ರೆ ತಂತಿ ಹುಡುಕ್ತಾ ಕೂರ್ತಿದ್ಯೇನೆ? ನಿಂಗೆ ಮಕ್ಕಳಿದ್ದಾವಾ? ಇಲ್ಲ ಅಲ್ವಾ? ನೋಡಿದ್ರೇ ಗೊತ್ತಾಗುತ್ತೆ!"

ಮಕ್ಕಳಿರಲಿಲ್ಲ. ಯುಬ್ಲಿನಾ ಲಾರಿಯ ಚಕ್ರದ ಹತ್ತಿರ ಕೂತು ಬ್ಲೇಡು ತೆಗೆದಳು. ಅದು ಹೊದಿಕೆಯ ಮೇಲೆ ಎರಡು ಸಲ ಜಾರಿತು. ಇದನ್ನೇ ಬೆಳಿಗ್ಗೆ ಮಾಡಬಹುದಿತ್ತು. ಇಡೀ ಬೆಳಿಗ್ಗೆ ನೆರಳಿನಲ್ಲಿ ಕೂತು ಅವ್ವನ ಮಡಕೆಗಳ ಬಗ್ಗೆ ಯೋಚಿಸುತ್ತಿದ್ದೆನಲ್ಲ. ಒಂದು ಮಾತು ಕೇಳಿ ನಗಿಸಿಕೊಂಡಿದ್ದರೆ ಈಗ ಕೊಳವೆಯಲ್ಲಿ ಇಂಧನ ಹರಿಯುತ್ತಿತ್ತು. ಹುಡುಗಿ ಸತ್ತರೆ ಕಿಡಿಯಿಂದ ಸಾಯುವುದಿಲ್ಲ, ನನ್ನ ಸಂಕೋಚದಿಂದ ಸಾಯುತ್ತಾಳೆ. ಹಾಗೆಂದುಕೊಂಡ ಕೂಡಲೇ ವಿಚಿತ್ರವಾಗಿ ಕೈ ಸ್ವಲ್ಪ ಹಿಡಿತಕ್ಕೆ ಬಂತು, ತಪ್ಪು ಯಾವುದು ಎಂದು ಗೊತ್ತಾದ ಮೇಲೆ ಅದಕ್ಕೆ ಹೆದರುವುದೇನು ಎಂಬ ಹಾಗೆ. ಕೆಟ್ಟ ಗೇಣನ್ನು ಕತ್ತರಿಸಿ ಎಸೆದಳು. ಒಳ್ಳೆಯ ತಾಮ್ರ ಕಾಣುವವರೆಗೆ ಹೊದಿಕೆ ಸುಲಿದಳು. ಎಳೆಗಳನ್ನು ಹೊಸೆದು ಕ್ಲಿಪ್ಪಿನ ತಿರುಪಿನ ಕೆಳಗೆ ಸುತ್ತಿ ಬಿಗಿದಳು. ತಂತಿ ಬದುಕಿದೆಯೇ ಎಂದು ನೋಡಲು ಟಾರ್ಚಿನ ಬಲ್ಬು, ಎರಡು ಸೆಲ್ಲು. ತಂತಿಯ ಎರಡು ಕೊನೆಗೆ ಹಚ್ಚಿದರೆ ಬಲ್ಬು ಹತ್ತಲಿಲ್ಲ.

ಮೇಲಿನಿಂದ ಒಂದು ನೆರಳು ಬಿತ್ತು. ಉಂಬು ರಿಹಿ. ಮತ್ತೆ ಬೈಯುತ್ತಾನೆ ಎಂದುಕೊಂಡಳು. ಅವನು ಮಂಡಿಯೂರಿ ಕೂತು, ಸೊಂಟದ ವಸ್ತ್ರವನ್ನು ಬಿಚ್ಚಿ ಬಲ್ಬಿನ ಮೇಲೆ ಗುಡಾರದ ಹಾಗೆ ಹಿಡಿದ. "ಈ ಬಿಸಿಲಲ್ಲಿ ಹತ್ತಿದ್ರೂ ಕಾಣುತ್ತಾ? ಇನ್ನೊಂದ್ಸಲ ಹಚ್ಚಿ." ಇಬ್ಬರೂ ವಸ್ತ್ರದೊಳಗೆ ತಲೆ ತೂರಿಸಿ ನೋಡಿದರು. ಅವನ ಬಾಯಿಯಿಂದ ಸುಣ್ಣದ ವಾಸನೆ ಬರುತ್ತಿತ್ತು. ಬಲ್ಬು ಕತ್ತಲಾಗಿಯೇ ಇತ್ತು.

"ಕ್ಲಿಪ್ಪಿನ ಹಲ್ಲು," ಎಂದ ಕ್ಯಾಪ್ಟನ್ ರೊಲಿ ಅವರ ಬೆನ್ನ ಹಿಂದಿನಿಂದ. "ಬಣ್ಣ, ತುಕ್ಕು ತುಂಬ್ಕೊಂಡಿರುತ್ತೆ. ಉಜ್ಜಿ ನೋಡಿ." ಜೇಬಿನಿಂದ ಸಣ್ಣ ಅರವನ್ನು ತೆಗೆದು ಕೊಟ್ಟ. ಅವಳು ಹಲ್ಲುಗಳನ್ನು ಉಜ್ಜುವಾಗ ಅವನು ತನ್ನಷ್ಟಕ್ಕೇ ಹೇಳಿಕೊಂಡ: "ಪಾಪುವಾದಲ್ಲಿ ನಾನು ಪ್ಲಾಸ್ಟಿಕ್ ಕ್ಯಾನಿಂದ ಸುರಿದಿದೀನಿ ರಂಬು. ಒಂದ್ಸಲ ಅಲ್ಲ. ಏನೂ ಆಗ್ಲಿಲ್ಲ. ಈಗ ನೆನೆಸ್ಕೊಂಡ್ರೆ ಬೆವರು ಬರುತ್ತೆ." ಆಗಲೇ ಯಾಕೆ ಹೇಳಲಿಲ್ಲ ಎಂದು ಅವಳಿಗೆ ಸಿಟ್ಟು ಬಂತು. ಆಮೇಲೆ ತಾನೂ ಬೆಳಿಗ್ಗೆ ಹೇಳಬೇಕಾದ್ದನ್ನು ಹೇಳಿರಲಿಲ್ಲ ಎಂಬುದು ಹೊಳೆದು ಸಿಟ್ಟು ಇಳಿಯಿತು. ಹಲ್ಲುಗಳು ಬೆಳ್ಳಗಾದವು. ಮತ್ತೆ ಹಚ್ಚಿದಳು. ನೀಲಿ ಕುದುರೆಗಳನ್ನು ನೇಯ್ದ ಆ ವಸ್ತ್ರದ ಕತ್ತಲಲ್ಲಿ ಬಲ್ಬು ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ ಹೊತ್ತಿತು.

"ಹತ್ತಿತು! ಹತ್ತಿತಲ್ರೀ ರಂಬು!" ಎಂದು ಉಂಬು ಚಿಕ್ಕ ಹುಡುಗನ ಹಾಗೆ ಕೂಗಿದ.

ತಂತಿ ಗಿಡ್ಡವಾಗಿತ್ತು. ಲಾರಿಯನ್ನು ಇನ್ನೂ ಹತ್ತಿರಕ್ಕೆ ತಂದಳು. ವಿಮಾನದ ಕಾಲಿನ ಬರಿಯ ಲೋಹಕ್ಕೆ ಕ್ಲಿಪ್ಪು ಕಚ್ಚಿಸಿ, ಎರಡು ಸಲ ಅಲ್ಲಾಡಿಸಿ, ಕೊಳವೆ ಹೊತ್ತು ಏಣಿ ಹತ್ತಿದಳು. ಕೊಳವೆಯ ಮೂತಿಯ ಗಿಡ್ಡ ತಂತಿಯನ್ನೂ ರೆಕ್ಕೆಗೆ ಸಿಕ್ಕಿಸಿ ಮುಚ್ಚಳ ತೆಗೆದಾಗ ಬಿಸಿಲಿಗೆ ಕಾದ ಟ್ಯಾಂಕಿನ ಉಸಿರು ಮುಖಕ್ಕೆ ಬಡಿಯಿತು. ಹಿಡಿಯನ್ನು ಪೂರ್ತಿ ಒತ್ತಬೇಕು ಎಂದು ಬೆರಳು ಹಟ ಹಿಡಿಯಿತು. ಇಂಧನ ಜೋರಾಗಿ ಓಡಿದಷ್ಟೂ ವಿದ್ಯುತ್ತು ಹೆಚ್ಚು ಹುಟ್ಟುತ್ತದೆ, ಅವಳು ನಿಧಾನವಾಗಿ ಒತ್ತಿದಳು. ಕೆಳಗಿನಿಂದ ಅಜ್ಜಿ ಏನೇನೋ ಅನ್ನುತ್ತಿದ್ದದ್ದು ಗಾಳಿಯಲ್ಲಿ ಹರಿದು ಹರಿದು ಬಂತು. ಎರಡೂ ರೆಕ್ಕೆ ತುಂಬಿದ ಮೇಲೆ, ಅಳತೆಯ ಕೋಲು ಇಳಿಸುವ ಮೊದಲು, ಇಂಧನ ಹೊತ್ತುಕೊಂಡ ವಿದ್ಯುತ್ತನ್ನು ಇಳಿಸಿ ತಣ್ಣಗಾಗಲೆಂದು ಕಾಯಬೇಕು. ಅವಳು ರೆಕ್ಕೆಯ ಪಕ್ಕ ಏಣಿಯ ಮೇಲೆ ಸುಮ್ಮನೆ ನಿಂತಳು. ಆ ಹೊತ್ತಿಗೆ ಹುಡುಗಿಯನ್ನು ಒಳಗೆ ಮಲಗಿಸಲು ಎಲ್ಲರೂ ಸಿದ್ಧರಾಗಿ ಅವಳತ್ತಲೇ ನೋಡುತ್ತಿದ್ದರು. ಏನೂ ಮಾಡದೆ ನಿಲ್ಲುವುದೇ ಕೆಲಸವಾದಾಗ ಮನುಷ್ಯ ಎಷ್ಟು ಬೆತ್ತಲೆಯಾಗಿರುತ್ತಾನೆ ಎಂದು ಅವಳಿಗೆ ಅನ್ನಿಸಿತು. ಬೇಲಿಯಾಚೆ ಒಂದು ಕುದುರೆ ಒಣಹುಲ್ಲನ್ನು ಕಿತ್ತು, ಮಣ್ಣು ಕೊಡವಿ, ತಿನ್ನುತ್ತಿತ್ತು. ಅದು ಮೂರನೇ ಬಾಯಿ ಹುಲ್ಲು ಮುಗಿಸಿ ತಲೆ ಎತ್ತಿದಾಗಲೂ ಅವಳು ನಿಂತೇ ಇದ್ದಳು. ಆಮೇಲೆ ಕೋಲು ಇಳಿಸಿದಳು, ಅಳತೆ ಕೂಗಿ ಹೇಳಿದಳು, ಮುಚ್ಚಳ ಬಿಗಿದಳು.

ವಿಮಾನ ಓಡಿ, ಎದ್ದು, ಕಡಲ ಕಡೆ ತಿರುಗಿತು. ಒಳಗೆ ನರ್ಸಿಗೂ ಹುಡುಗಿಯ ತಾಯಿಗೂ ಮಾತ್ರ ಜಾಗವಿತ್ತು. ಜೀಪಿನವನು ಬೇರೆ ಬಾಡಿಗೆಗೆ ಹೋಗಿಬಿಟ್ಟಿದ್ದ. ಅಜ್ಜಿ ಬಾಬಂಗ್ ಬರಿಗಾಲಿನಲ್ಲಿ ಕಾದ ಟಾರಿನ ಮೇಲೆ ನಿಂತು ಆಕಾಶ ನೋಡುತ್ತಿದ್ದಳು. ವಿಮಾನ ಕಾಣದಾದ ಮೇಲೂ ನೋಡುತ್ತಿದ್ದಳು.

ಯುಬ್ಲಿನಾ ಹತ್ತಿರ ಹೋದಳು. "ಅಜ್ಜಿ, ನಿಮ್ಮೂರು ದೂರ. ಸುದ್ದಿ ಬರೋವರೆಗೆ ನಮ್ಮನೇಲಿ ಕೂತ್ಕೊಳ್ಳಿ. ಇಲ್ಲೇ ಬೇಲಿ ಪಕ್ಕ."

ಅಜ್ಜಿ ಅವಳ ಮುಖ ನೋಡಲಿಲ್ಲ. ಆದರೆ ನಡೆದಳು. ಮನೆಯ ಜಗಲಿಯ ಮೇಲೆ ಕೂರಿಸಿ ಎಲೆ ಅಡಿಕೆಯ ಬುಟ್ಟಿ ಇಟ್ಟಾಗ, ತೆಗೆದುಕೊಳ್ಳದಿದ್ದರೆ ಏನು ಎಂದು ಯುಬ್ಲಿನಾ ಅಂಜಿದಳು. ಸುಂಬಾದಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಜ್ಜಿ ಬಹಳ ಹೊತ್ತು ಬುಟ್ಟಿಯನ್ನು ನೋಡಿ ಒಂದು ಅಡಿಕೆ ಎತ್ತಿ ಬಾಯಿಗೆ ಹಾಕಿಕೊಂಡಳು. ಬಿಸಿಲು ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ತಾಳೆಮರದ ತಲೆಗೆ ಏರಿತು. ಉಂಬು ರಿಹಿ ಒಂದು ಸಲ ಬೈಕಿನಲ್ಲಿ ಬಂದು, ಕುಪಂಗಿನಲ್ಲಿ ಇಳಿದರಂತೆ, ಆಸ್ಪತ್ರೆಗೆ ಒಯ್ದರಂತೆ ಎಂದು ಹೇಳಿ, ಮೀಟರಿಗೂ ಬರೆದಿದೀನಿ ರಂಬು ಎಂದು ಗೊಣಗಿ ಹೋದ.

"ಆ ತಂತಿ ಕಟ್ಟದೇ ಇದ್ದಿದ್ರೆ," ಅಜ್ಜಿ ಅಂಗಳ ನೋಡುತ್ತಲೇ ಕೇಳಿದಳು, "ಉರೀತಿತ್ತಾ?"

ಹೌದು ಎನ್ನಬಹುದಿತ್ತು. ಹುಡುಗಿ ಈಗ ಆಸ್ಪತ್ರೆಯ ಮೇಜಿನ ಮೇಲೆ ಕೊನೆಯುಸಿರು ಎಳೆಯುತ್ತಿದ್ದರೂ ಆ ಒಂದು ಹೌದು ತನ್ನನ್ನು ಕಾಪಾಡುತ್ತಿತ್ತು. ಯುಬ್ಲಿನಾ ಕೈಯ ಮೇಲಿನ ತಾಮ್ರದ ಗೀರುಗಳನ್ನು ನೋಡಿಕೊಂಡಳು.

"ಗೊತ್ತಿಲ್ಲ ಅಜ್ಜಿ. ಉರೀದೇನೂ ಇರ್ತಿತ್ತು. ಇಷ್ಟು ದಿನ ಉರೀಲಿಲ್ಲ. ಬೆಳಿಗ್ಗೆನೇ ಕಟ್ಟಿದ್ದಿದ್ರೆ ನೀವು ಕಾಯೋದೇ ಬೇಕಿರ್ಲಿಲ್ಲ. ಅದು ನನ್ನ ತಪ್ಪು."

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. ಮತ್ತೆ ಅಗಿದಳು. ಜಗಲಿಯಾಚೆ ಉಗಿದು ಬಾಯಿ ಒರೆಸಿಕೊಂಡಳು. "ಹಂಗಾದ್ರೆ ನಾನು ಬೈದಿದ್ದೂ ಸರಿ," ಎಂದಳು, "ನೀನು ಕಟ್ಟಿದ್ದೂ ಸರಿ."

ಯುಬ್ಲಿನಾಗೆ ನಗು ಬಂತೋ ಅಳು ಬಂತೋ. ಬೆಳಿಗ್ಗೆಯಿಂದ ಅವಳು ತಾನು ಸರಿಯೋ ತಪ್ಪೋ, ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದು ಒದ್ದಾಡುತ್ತಿದ್ದಳು. ಈ ಮುದುಕಿ ಎರಡನ್ನೂ ಒಂದೇ ದವಡೆಯಲ್ಲಿ ಹಾಕಿ ಅಗಿದು ಮುಗಿಸಿದ್ದಳು.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಹುಡುಗಿಯ ತಾಯಿ ಅಳುತ್ತ, ನಡುನಡುವೆ ನರ್ಸಿನ ಕೈಗೆ ಕೊಡುತ್ತ ಹೇಳಿದಳು: ಹೊಟ್ಟೆ ಕೊಯ್ದರು, ರಕ್ತ ನಿಂತಿದೆ, ಕಣ್ಣು ಬಿಟ್ಟಿದ್ದಾಳೆ, ನೀರು ಕೇಳಿದಳು, ಇನ್ನೂ ಕೊಟ್ಟಿಲ್ಲ. ಅಜ್ಜಿ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ಕೇಳಿದಳು. ಆಮೇಲೆ ಅದನ್ನು ಚಾಪೆಯ ಮೇಲಿಟ್ಟು, ಯುಬ್ಲಿನಾಳ ತಲೆಯನ್ನು ಹಿಡಿದು ಬಗ್ಗಿಸಿ, ತನ್ನ ಮೂಗನ್ನು ಅವಳ ಮೂಗಿಗೆ ಒತ್ತಿದಳು, ಮನೆಯವರಿಗೆ ಒತ್ತುವ ಹಾಗೆ. ಅವಳ ಕೆನ್ನೆ ಒದ್ದೆಯಾಗಿತ್ತು.

"ಬೈದಿದ್ದನ್ನ ವಾಪಸ್ ತಗೊಳ್ಳಲ್ಲ," ಎಂದಳು ಬಿಡುತ್ತ.

"ಬೇಡ ಬಿಡಿ ಅಜ್ಜಿ."

"ಏನಾದ್ರೂ ತಿಂದ್ಯಾ ಬೆಳಿಗ್ಗೆಯಿಂದ?"

ತಿಂದಿರಲಿಲ್ಲ. ಅಜ್ಜಿ ತಾನೇ ಒಳಗೆ ಹೋಗಿ, ಗೊತ್ತಿಲ್ಲದ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದು ಮಾಡಿ ಹುಡುಕಿ, ಮೆಕ್ಕೆಜೋಳದ ಗಂಜಿ ಕಾಯಿಸಿ, ಒಣಮೀನು ಸುಟ್ಟಳು. ಉಪ್ಪು ಎಲ್ಲಿಟ್ಟಿದ್ಯೇ, ಇದೇನು ಮನೆಯೋ ಗೋದಾಮೋ ಎಂದು ಬೈದಳು. ಇಬ್ಬರೂ ಒಂದೇ ಬಟ್ಟಲಿನಿಂದ ಮೀನು ಮುರಿದುಕೊಂಡು ತಿಂದರು. ಗಾಳಿ ಇಳಿದಿತ್ತು. ದೂರದಲ್ಲಿ ನಿಲ್ದಾಣದ ಒಂದೇ ಒಂದು ದೀಪದ ಕೆಳಗೆ ಲಾರಿ ನಿಂತದ್ದು ಕಾಣುತ್ತಿತ್ತು.

"ನನ್ನ ಮೊಮ್ಮಗಳು ವಾಪಸ್ ಬರ್ತಾಳಲ್ಲ," ಎಂದಳು ಅಜ್ಜಿ ಬಟ್ಟಲಿನ ತಳ ಬಳಿಯುತ್ತ, "ಅವಳನ್ನ ಇಳಿಸಿದ ವಿಮಾನ ಮತ್ತೆ ಹೋಗ್ಬೇಕಲ್ಲ, ಅದಕ್ಕೆ ಎಣ್ಣೆ ನೀನೇ ತುಂಬ್ಸು."

"ನಾನೇ ತುಂಬ್ಸೋದು ಅಜ್ಜಿ. ಇನ್ಯಾರಿದಾರೆ?"

"ನಿಧಾನಕ್ಕೇ ತುಂಬ್ಸು," ಎಂದಳು ಅಜ್ಜಿ. "ನಾನು ನಿಂತು ನೋಡ್ತೀನಿ."